ಟೋಪಿ ಮಾಮ ಹಾರಲೊಲ್ಲ

ಅಕ್ಕನಿಗೆ ಪಾರ್ಶ್ವವಾಯು ಬಡಿದು ಐದು ತಿಂಗಳಾಗಿತ್ತು. ದೊಡ್ಡದೇನಲ್ಲ, ಸಣ್ಣದು ಎಂದು ಡಾಕ್ಟರು ಹೇಳಿದ್ದರು. ಆ ಮಾತು ಯಾರಾದರೂ ಎತ್ತಿದಾಗೆಲ್ಲ ಅಕ್ಕ, "ಅವರಿಗೆ ಸಣ್ಣದು" ಎನ್ನುತ್ತಿದ್ದಳು. ಮಾತು ಹದಿನೈದು ದಿನದಲ್ಲೇ ನೆಟ್ಟಗಾಯಿತು. ಕಾಲು ಎರಡು ತಿಂಗಳಲ್ಲಿ ಸರಿಹೋಯಿತು. ಬಲಗೈ ಮಾತ್ರ ಮಣಿಕಟ್ಟಿನವರೆಗೆ ಹೇಳಿದಂತೆ ಕೇಳುತ್ತಿತ್ತು, ಅಲ್ಲಿಂದ ಮುಂದೆ ತನ್ನಿಷ್ಟ. ಅದರಲ್ಲೂ ಹೆಬ್ಬೆರಳು. ಲೋಟ ಹಿಡಿದರೆ ಜಾರುತ್ತಿತ್ತು, ಸೀರೆಗೆ ಪಿನ್ನು ಹಾಕಲು ಭಾವನನ್ನು ಕೂಗಬೇಕಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಬೋರ್ಡಿನ ಮೇಲೆ ಸ್ಕೇಲು ಹಿಡಿಯದೆ ನೇರ ಗೆರೆ ಎಳೆಯುತ್ತಿದ್ದ ಕೈ ಅದು.

ಸಂಜಯನಗರದ ಅವರ ಮನೆಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯವರು ಬರುತ್ತಿದ್ದರು. ತಾಳ್ಮೆಯ ಹೆಂಗಸು. ಅಕ್ಕನ ಕೈಗೆ ಹಳದಿ ಸ್ಪಂಜಿನ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಬೇಕು ಎಂದು ಹೇಳಿ ಹೋಗುತ್ತಿದ್ದರು. ಅಕ್ಕ ಇಪ್ಪತ್ತು ಸಲ ಹಿಸುಕಿ ಚೆಂಡನ್ನು ಸೋಫಾದ ಕೆಳಗೆ ಉರುಳಿಸಿಬಿಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ಯಲಹಂಕದಿಂದ ಅವಳನ್ನು ನೋಡಲು ಹೋಗಿದ್ದೆ. ಚೆಂಡನ್ನು ಸೋಫಾದ ಅಡಿಯಿಂದ ತೆಗೆದು ಕೈಗಿಟ್ಟಾಗ ಅವಳು ಸಿಡುಕಿದಳು.

"ಇದರಲ್ಲಿ ಏನಿದೆ ಹೇಳೋ? ಹಿಸುಕಿದೆ, ಬಿಟ್ಟೆ. ಹಿಸುಕಿದೆ, ಬಿಟ್ಟೆ. ಯಾರಾದ್ರೂ ಸತ್ರಾ? ಯಾರಾದ್ರೂ ಗೆದ್ರಾ?"

"ಹಂಗಂದ್ರೆ ಹೆಂಗೆ ಅಕ್ಕಾ, ಬೆರಳಿಗೆ ಕೆಲಸ ಬೇಡ್ವಾ?"

"ಕೆಲಸ ಕೊಡು, ಮಾಡ್ತೀನಿ. ಟೋಪಿ ಮಾಮನ್ನ ತಂದುಕೊಡು, ನೋಡೋಣ."

ಟೋಪಿ ಮಾಮ ಯಾರೆಂದು ಹೇಳಬೇಕು. ನಾವು ಯಶವಂತಪುರದಲ್ಲಿ ಬೆಳೆದವರು. ನಾನು ಆರನೇ ಕ್ಲಾಸು, ಅಕ್ಕ ಒಂಬತ್ತನೇ ಕ್ಲಾಸು ಇದ್ದಾಗ ಹೊರದೇಶದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜೆಗೆ ಬರುವಾಗ ಒಂದು ಕಂಪ್ಯೂಟರ್ ತಂದಿದ್ದರು. ಇವತ್ತಿನ ಕಂಪ್ಯೂಟರಿನ ಹಾಗಲ್ಲ. ಚಪ್ಪಟೆಯ ಕಪ್ಪು ಡಬ್ಬಿ, ಅದರ ಮೇಲೆ ಅಳಿಸುವ ರಬ್ಬರಿನಂಥ ಮೆತ್ತನೆ ಕೀಗಳು. ಅದನ್ನು ನಮ್ಮ ಕಪ್ಪುಬಿಳುಪು ಟಿವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ ನಾಲ್ಕೈದು ನಿಮಿಷ ಕಿರ್ರೋ ಎಂದು ಕಿರುಚಿ ಆಮೇಲೆ ಆಟ ಬರುತ್ತಿತ್ತು. ಜೊತೆಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಆಟ ನಮ್ಮ ಬೇಸಿಗೆ ರಜೆಯನ್ನು ಪೂರ್ತಿ ನುಂಗಿತು. ಉದ್ದ ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಛಾವಣಿಯಿಂದ ಛಾವಣಿಗೆ ಹಾರುತ್ತ, ಏಣಿ ಹತ್ತಿ ಇಳಿಯುತ್ತ, ಹಕ್ಕಿಗಳಿಗೆ ಸಿಕ್ಕದೆ ಬೀಗದಕೈಗಳನ್ನು ಕೂಡಿಸಬೇಕು. ಇಂಗ್ಲಿಷಿನಲ್ಲಿ ಅದಕ್ಕೇನೋ ಹೆಸರಿತ್ತು, ನಮಗೆ ಅವನು ಟೋಪಿ ಮಾಮ. ಓ ಒತ್ತಿದರೆ ಎಡಕ್ಕೆ, ಪಿ ಒತ್ತಿದರೆ ಬಲಕ್ಕೆ, ಕ್ಯೂ ಒತ್ತಿದರೆ ಏಣಿ ಹತ್ತುತ್ತಾನೆ, ಎ ಒತ್ತಿದರೆ ಇಳಿಯುತ್ತಾನೆ, ಸ್ಪೇಸ್ ಒತ್ತಿದರೆ ಹಾರುತ್ತಾನೆ. ಅಕ್ಕ ಹನ್ನೊಂದನೇ ಛಾವಣಿ ಮುಟ್ಟಿದ್ದಳು. ನಾನು ನಾಲ್ಕು ದಾಟಿದವನಲ್ಲ.

"ಅದೇನ್ ಮಹಾ ಅಕ್ಕಾ, ಅರ್ಧ ಗಂಟೆ ಕೆಲಸ" ಎಂದೆ.

ನಾಗಸಂದ್ರದ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ಮೋಟಾರು, ಪ್ಯಾನೆಲ್ಲು, ಸ್ವಿಚ್ಚು ಇವುಗಳ ನಡುವೆಯೇ ತಲೆ ಬೆಳ್ಳಗಾಗಿದೆ. ಒಂದು ಗುಂಡಿ ಒತ್ತಿದರೆ ಒಂದು ಕೆಲಸ ಆಗಬೇಕು, ಆಗದಿದ್ದರೆ ತಂತಿ ಎಲ್ಲೋ ಬಿಟ್ಟಿದೆ ಎಂದರ್ಥ. ನನ್ನ ಲೋಕ ಅಷ್ಟು ಸರಳ. ಆ ಸರಳತನವೇ ಮುಂದಿನ ಒಂದೂವರೆ ತಿಂಗಳು ನನ್ನ ಮರ್ಯಾದೆ ತೆಗೆಯಿತು.

ಹಳೆಯ ಯಂತ್ರದ ಹಾಗೆ ವೇಷ ಹಾಕಿಕೊಂಡು ಕುಣಿಯುವ ಪ್ರೋಗ್ರಾಮುಗಳು ಈಗ ಸಿಗುತ್ತವೆ. ಎಮ್ಯುಲೇಟರ್ ಎನ್ನುತ್ತಾರೆ. ಅಂಥದೊಂದನ್ನು ಭಾವನ ಲ್ಯಾಪ್‌ಟಾಪಿಗೆ ಹಾಕಿ, ಟೋಪಿ ಮಾಮನನ್ನೂ ಹುಡುಕಿ ತರಲು ಹಿಡಿದದ್ದು ನಿಜವಾಗಿಯೂ ಅರ್ಧ ಗಂಟೆ. ಪರದೆಯ ಅಂಚಿನಲ್ಲಿ ಪಟ್ಟೆಗಳು ಓಡಿದವು. ಕಿರ್ರೋ ಎಂಬ ಸದ್ದೂ ಬಂತು. ಅಡುಗೆಮನೆಯಿಂದ ಭಾವ, "ಏನದು, ಮಿಕ್ಸಿ ಸುಟ್ಟೋಯ್ತಾ?" ಎಂದು ಓಡಿ ಬಂದರು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಶುರುಮಾಡಲು ಸೊನ್ನೆ ಒತ್ತಿ ಎಂದು ಪರದೆ ಹೇಳಿತು. ಒತ್ತಿದಳು. ಮೊದಲನೇ ಛಾವಣಿ, ಅದರ ಮೇಲೆ ಟೋಪಿ ಮಾಮ, ಅದೇ ಟೋಪಿ.

ಅಕ್ಕ ಪಿ ಒತ್ತಿದಳು. ಅವನು ಅಲುಗಲಿಲ್ಲ. ಓ ಒತ್ತಿದಳು. ಇಲ್ಲ. ನಾನು ಅವಳ ಕೈ ಸರಿಸಿ ಎಲ್ಲ ಕೀಗಳನ್ನೂ ಪಟಪಟ ಬಡಿದೆ. ಅಷ್ಟರಲ್ಲಿ ಹಕ್ಕಿ ಬಂದು ಅವನನ್ನು ಕೊಂದಿತು. ಮೂರು ಸಲ ಹೀಗೇ ಕೊಂದ ಮೇಲೆ ಆಟ ಮುಗಿಯಿತೆಂದು ಪರದೆ ಹೇಳಿತು.

"ಹೊಸದಾಗಿ ಏನೂ ಇಲ್ಲ" ಎಂದಳು ಅಕ್ಕ. "ನೀನು ಯಾವಾಗ್ಲೂ ಹಿಂಗೇ ಆಡ್ತಿದ್ದೆ."

ಮುಕ್ಕಾಲು ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು. ಭಾವ ತಮ್ಮ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ನೀರು ಬಿಡುವ ಸಮಯ, ನಾಯಿ ಕಟ್ಟಿಹಾಕುವ ವಿಷಯ ಎಂದು ಸದಾ ಕನ್ನಡದಲ್ಲಿ ನೋಟಿಸು ಬರೆಯುವವರು. ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ ಕನ್ನಡ ಟೈಪಿಂಗ್ ತಾನಾಗಿ ಶುರುವಾಗುವಂತೆ ಇಟ್ಟಿದ್ದರು. ಅಕ್ಷರ ಅನ್ನುವ ಪ್ರತಿಯೊಂದು ಕೀಯನ್ನೂ ಅದು ಮಧ್ಯದಲ್ಲೇ ಹಿಡಿದು ಕನ್ನಡ ಮಾಡಿಬಿಡುತ್ತಿತ್ತು. ಅಂಕಿಗಳನ್ನು ಮಾತ್ರ ಬಿಟ್ಟಿತ್ತು, ಅದಕ್ಕೇ ಸೊನ್ನೆ ಕೆಲಸ ಮಾಡಿತ್ತು. ಅತ್ತ ಟೋಪಿ ಮಾಮ ಆ ಕಾಲದ ಇಂಗ್ಲೆಂಡಿನವನು. ಅವನಿಗೆ ಕನ್ನಡ ಬರುವುದಿಲ್ಲ.

ಅದನ್ನು ನಿಲ್ಲಿಸಿದೆ. ಮಾಮ ನಡೆದ. ಅಕ್ಕನ ಬಾಯಿಂದ "ಹಾ!" ಎಂದು ಬಂತು. ಮೊದಲ ಛಾವಣಿಯ ತುದಿಗೆ ಹೋಗಿ ಸ್ಪೇಸ್ ಒತ್ತಿದಳು. ಅವನು ಹಾರಲಿಲ್ಲ, ಸೀದಾ ನಡೆದು ಕೆಳಗೆ ಬಿದ್ದ.

ಇನ್ನೊಮ್ಮೆ ಒತ್ತಿದಳು, ಅವನು ಇನ್ನೊಮ್ಮೆ ಬಿದ್ದ. ಅವಳ ಹೆಬ್ಬೆರಳು ಸರಿಯಾಗಿ ಒತ್ತುತ್ತಿಲ್ಲವೇನೋ ಎಂದು ನನಗನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನಿಗೂ ಹಾಗೇ ಅನ್ನಿಸಿತ್ತೆಂದು ಅವಳ ಮುಖ ಹೇಳುತ್ತಿತ್ತು. ನಾನೇ ಒತ್ತಿ ನೋಡಿದೆ. ನನಗೂ ಹಾರಲಿಲ್ಲ. ಅಕ್ಕ ಉಸಿರು ಬಿಟ್ಟಳು. "ಸದ್ಯ" ಎಂದಳು.

ಆಮೇಲೆ ಓದಿ ತಿಳಿದದ್ದು ಇಷ್ಟು. ಆ ಪ್ರೋಗ್ರಾಮು ನಮ್ಮನ್ನು ಕೇಳದೆಯೇ ಆಡುವ ಹಿಡಿಕೋಲು, ಅಂದರೆ ಜಾಯ್‌ಸ್ಟಿಕ್ ಇದೆ ಎಂದು ತಿಳಿದುಕೊಂಡಿತ್ತು. ಆದ್ದರಿಂದ ಹಾರುವ ಕೆಲಸವನ್ನು ಸ್ಪೇಸ್‌ನಿಂದ ಕಿತ್ತು, ಪಕ್ಕದ ಆಲ್ಟ್ ಎಂಬ ಕೀಗೆ ಕೊಟ್ಟಿತ್ತು. ಆಲ್ಟ್ ಒತ್ತಿದರೆ ಮಾಮನೇನೋ ಹಾರಿದ, ಆದರೆ ಅವನು ಗಾಳಿಯಲ್ಲಿರುವಾಗಲೇ ಬೆರಳು ಚೂರು ಸ್ಪೇಸಿಗೆ ತಗುಲಿದರೂ ಪರದೆಯ ವಿಂಡೋದ ಮೆನು ತೆರೆದುಕೊಂಡು ಆಟ ಅಲ್ಲೇ ನಿಂತುಬಿಡುತ್ತಿತ್ತು. ಮುಚ್ಚಬೇಕೋ, ಚಿಕ್ಕದು ಮಾಡಬೇಕೋ ಎಂದು ಅದು ಕೇಳುತ್ತಿತ್ತು. ಎರಡೂ ಬೇಡ ಮಾರಾಯ, ಹಾರಿದವನು ಮೊದಲು ಇಳಿಯಲಿ ಬಿಡು ಎಂದು ಪರದೆಯನ್ನು ಬೈದೆ. ಆ ಭಾನುವಾರ ಹೀಗೇ ಮುಗಿಯಿತು.

ಮರುದಿನ ಊಟದ ಹೊತ್ತಿನಲ್ಲಿ ಇದನ್ನೆಲ್ಲ ಕಾರ್ಖಾನೆಯ ಕ್ವಾಲಿಟಿ ವಿಭಾಗದ ಮೇಡಂ ಹತ್ತಿರ ಹೇಳಿಕೊಂಡೆ. ಗದಗ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು. ಮನೆಯಲ್ಲಿ ವಿಡಿಯೋ ಗೇಮ್ ಆಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಪ್ರತೀತಿ. ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿದರು.

"ಜಾಯ್‌ಸ್ಟಿಕ್ ಬಂದ್ ಮಾಡ್ರಿ ಸರ, ಸ್ಪೇಸ್ ವಾಪಸ್ ಬರ್ತೈತಿ. ಆದ್ರ ಇನ್ನೊಂದ್ ತೊಂದ್ರಿ ಬರ್ತದ ನೋಡ್ರಿ. ಲ್ಯಾಪ್‌ಟಾಪಿನ ಕೀಬೋರ್ಡ್ ಮೂರ್ ಕೀ ಒಮ್ಮೆಲೆ ಒತ್ತಿದ್ರ ಒಂದನ್ನ ನುಂಗಿಬಿಡ್ತಾವ."

"ಮೂರು ಯಾಕೆ ಒತ್ತಬೇಕು?"

"ಏಣಿ ಹತ್ತಕೋತನ ಬಾಜೂಕ ಹಾರೂದು ಇರಂಗಿಲ್ಲೇನ್ರಿ ನಿಮ್ ಆಟದಾಗ?"

ಇತ್ತು. ಎರಡನೇ ಛಾವಣಿಯಲ್ಲೇ ಇತ್ತು. ಮೇಡಂ ಹೇಳಿದಂತೆಯೇ ಆಯಿತು. ಎರಡನೇ ಭಾನುವಾರ ಸ್ಪೇಸ್ ಕೆಲಸ ಮಾಡಿತು, ಮಾಮ ಹಾರಿದ, ಅಕ್ಕ ಮೊದಲ ಛಾವಣಿಯ ಅರ್ಧ ದಾಟಿದಳು. ನಾನು ಮುಂದುವರಿಸಿ ಎರಡನೆಯದಕ್ಕೆ ಹೋದೆ. ಏಣಿಯ ಮೇಲೆ ಕ್ಯೂ, ಪಿ, ಸ್ಪೇಸ್ ಮೂರನ್ನೂ ಒತ್ತಿದರೆ ಮಾಮ ಏಣಿಗೆ ಅಂಟಿಕೊಂಡು ನಿಂತ. ಹಕ್ಕಿ ಬಂತು.

ಮೇಡಂ ತಮ್ಮ ಗೇಮ್‌ಪ್ಯಾಡ್ ಕೊಟ್ಟರು. ಎರಡು ಕೈಯಲ್ಲಿ ಹಿಡಿದು ಆಡುವ ಸಾಧನ, ನಡುವೆ ಪುಟ್ಟ ಕಡ್ಡಿಗಳು, ಬದಿಯಲ್ಲಿ ಗುಂಡಿಗಳು. "ಹಳೇದೈತ್ರಿ, ಎಡಗಡೆ ಕಡ್ಡಿ ಸ್ವಲ್ಪ ಸಡ್ಲ ಆಗೇತಿ" ಎಂದು ಎಚ್ಚರಿಸಿದ್ದರು. ಭಾವನ ಲ್ಯಾಪ್‌ಟಾಪನ್ನು ಯಲಹಂಕಕ್ಕೆ ಒಯ್ದು ಸಿಕ್ಕಿಸಿ ನೋಡಿದೆ. ಸ್ವಲ್ಪವಲ್ಲ. ಯಾರೂ ಮುಟ್ಟದಿದ್ದರೂ ಮಾಮ ತನ್ನಷ್ಟಕ್ಕೆ ಎಡಕ್ಕೆ ನಡೆದು ಬಿದ್ದು ಸಾಯುತ್ತಿದ್ದ. ಆ ಸಡಿಲವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಪ್ರೋಗ್ರಾಮಿಗೆ ಹೇಳುವ ಜಾಗ ಹುಡುಕಲು ಎರಡು ಸಂಜೆ ಹೋದವು. ಹೇಳಿದ ಮೇಲೆ ಅವನು ಎಡಕ್ಕೆ ಹೋಗುವುದನ್ನೇ ಬಿಟ್ಟ. ಮತ್ತೊಂದು ಸಂಜೆ ಹೋಯಿತು. ಗುಂಡಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವುದು ಎಷ್ಟನೆಯದು ಎಂದು ಕಾಗದದ ಮೇಲೆ ಬರೆದುಕೊಂಡರೆ, ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿದಾಗ ಆ ಗುಂಡಿಗಳ ಕೆಲಸವೇ ಬದಲಾಗಿರುತ್ತಿತ್ತು. ಕಾರ್ಖಾನೆಯಲ್ಲಿ ಯಾವನಾದರೂ ಹೀಗೆ ವೈರಿಂಗ್ ಮಾಡಿದ್ದರೆ ಆ ದಿನವೇ ಗೇಟು ತೋರಿಸುತ್ತಿದ್ದೆ.

ಕೊನೆಗೆ ಎಲ್ಲ ಸರಿಮಾಡಿಕೊಂಡು, ಗೆದ್ದವನ ಹಾಗೆ ಸಂಜಯನಗರಕ್ಕೆ ಹೋದೆ. ಗೇಮ್‌ಪ್ಯಾಡನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಹಿಡಿಯಲು ನೋಡಿದಳು. ಬಲಗೈ ಜಾರಿತು. ಮತ್ತೆ ಹಿಡಿದಳು.

"ಹಾರೋದು ಯಾವುದರಲ್ಲಿ?"

"ಬಲಗಡೆ, ಆ ಕೆಳಗಿನ ಗುಂಡಿ."

"ಹೆಬ್ಬೆರಳಲ್ಲಿ?"

"ಹೂಂ."

"ನಡಿಯೋದು?"

"ಎಡಗಡೆ ಕಡ್ಡಿ. ಅದೂ ಹೆಬ್ಬೆರಳು."

"ಮತ್ತೆ ಹಿಡ್ಕೊಳ್ಳೋದು?"

ಬಲಗೈಯಲ್ಲಿ ಅದನ್ನು ಹಿಡಿದುಕೊಳ್ಳಬೇಕಾದರೂ ಹೆಬ್ಬೆರಳೇ ಬೇಕು, ಗುಂಡಿ ಒತ್ತಬೇಕಾದರೂ ಅದೇ ಬೇಕು. ಹದಿನೈದು ದಿನ ಕಡ್ಡಿ, ಗುಂಡಿ, ಸಂಖ್ಯೆ ಎಂದು ಒದ್ದಾಡಿದವನಿಗೆ ಅವಳ ಯಾವ ಬೆರಳು ಕೆಲಸ ಮಾಡುವುದಿಲ್ಲ ಎಂಬುದು ಒಮ್ಮೆಯೂ ನೆನಪಾಗಿರಲಿಲ್ಲ. ಅವಳು ಬೈಯಲಿಲ್ಲ. ಗೇಮ್‌ಪ್ಯಾಡನ್ನು ಟೀಪಾಯಿಯ ಮೇಲಿಟ್ಟು, "ಕಾಫಿ ಕುಡಿ" ಎಂದಳು. ಬೈದಿದ್ದರೆ ವಾಸಿಯಿತ್ತು.

ಆ ವಾರ ಲ್ಯಾಪ್‌ಟಾಪನ್ನು ಮತ್ತೆ ಮನೆಗೆ ಒಯ್ದು ನಾನು ಹಟಕ್ಕೆ ಬಿದ್ದೆ. ಇಂಥ ಕೀ ಒತ್ತಿದರೆ ಇಂಥ ಕೀ ಒತ್ತಿದ ಹಾಗೆ ತಿಳಿ ಎಂದು ಸಾಲುಸಾಲಾಗಿ ಬರೆದಿಡುವ ಒಂದು ಕಡತ ಆ ಪ್ರೋಗ್ರಾಮಿನಲ್ಲಿರುವುದು ಗೊತ್ತಾಯಿತು. ಒಂದು ಅಲ್ಪವಿರಾಮ ತಪ್ಪಿದರೂ ಅದು ಏನೂ ಹೇಳದೆ ಪೂರ್ತಿ ಕಡತವನ್ನು ತಿರಸ್ಕರಿಸಿ ಮೊದಲಿನ ಹಾಗೇ ನಡೆದುಕೊಳ್ಳುತ್ತಿತ್ತು. ತಪ್ಪಿದೆ ಎಂದಾದರೂ ಹೇಳಬಾರದೇ? ಸುಮ್ಮನೆ ಇದ್ದುಬಿಡುತ್ತಿತ್ತು, ಮುನಿಸಿಕೊಂಡ ನೆಂಟರ ಹಾಗೆ. ಹತ್ತಾರು ಸಲ ತಿದ್ದಿ, ಐದು ಕೆಲಸಗಳನ್ನೂ ಕೀಬೋರ್ಡಿನ ಎಡಮೂಲೆಗೆ ತಂದು ಕೂರಿಸಿದೆ. ಒಂದು ಕೈ ಸಾಕು. ಎಡಗೈಯ ಬೆರಳುಗಳ ಕೆಳಗೇ ಎಲ್ಲ. ಮೂರು ಕೀ ಒಟ್ಟಿಗೆ ಒತ್ತಿದರೂ ನುಂಗದಂಥ ಕೀಗಳನ್ನೇ ಒಂದೊಂದಾಗಿ ಪರೀಕ್ಷಿಸಿ ಆರಿಸಿದ್ದೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ.

ಭಾನುವಾರ ಅಕ್ಕನ ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟು ತೋರಿಸಿಕೊಟ್ಟೆ. ಮಾಮ ನಡೆದ, ಹತ್ತಿದ, ಹಾರಿದ. ಅಕ್ಕ ಒಂದು ನಿಮಿಷವೂ ಆಡಲಿಲ್ಲ. ಕೈ ತೆಗೆದಳು.

"ಇದನ್ನ ಯಾರಿಗೋಸ್ಕರ ಮಾಡ್ದೆ?"

"ನಿಂಗೇ ಅಕ್ಕಾ. ಬಲಗೈ ಬೇಕಾಗೇ ಇಲ್ಲ, ನೋಡು."

"ಬಲಗೈ ಬೇಕಾಗಿಲ್ಲ" ಎಂದು ನನ್ನ ಮಾತನ್ನೇ ಹೇಳಿದಳು. "ಎಲ್ಲರೂ ಅದನ್ನೇ ಹೇಳ್ತಾ ಇದೀರ. ನಿಮ್ ಭಾವ ಚಮಚ ಎಡಗಡೆ ಇಡ್ತಾರೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಅಂತಾರೆ. ನಾನು ಈ ಆಟ ಕೇಳಿದ್ದು ಯಾಕೆ? ಟೈಂಪಾಸಿಗಾ?"

"ಒಂದೂವರೆ ತಿಂಗಳಿಂದ ಒದ್ದಾಡ್ತಾ ಇದೀನಿ. ನಿಂಗೆ ಏನ್ ಮಾಡಿದ್ರೂ ಸರಿಹೋಗಲ್ಲ."

"ನೀನು ಒಂದ್ ಸಲನಾದ್ರೂ ಕೇಳಿದ್ಯೇನೋ, ಹೆಂಗೆ ಬೇಕು ಅಂತ?"

ಭಾವ ಹಾಲಿನಲ್ಲಿ ಟಿವಿಯ ಸದ್ದು ಜಾಸ್ತಿ ಮಾಡಿದರು. ಅವರ ಪದ್ಧತಿ ಅದು. ನಾನು ಹೆಲ್ಮೆಟ್ ತೆಗೆದುಕೊಂಡು ಹೊರಟೆ. ಹೆಬ್ಬಾಳದ ಫ್ಲೈಓವರಿನ ಮೇಲೆ ಭಾನುವಾರವೂ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಇಪ್ಪತ್ತು ನಿಮಿಷ ಅಲ್ಲಿ ನಿಂತು, ಅವಳಿಗೆ ಹೇಳಬಹುದಾಗಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ಹೇಳಿಕೊಂಡೆ. ಎಲ್ಲ ಉತ್ತರಗಳೂ ಚೆನ್ನಾಗಿದ್ದವು. ಅವಳ ಕೊನೆಯ ಪ್ರಶ್ನೆಯ ಹತ್ತಿರ ಮಾತ್ರ ಹೋಗಲಿಲ್ಲ.

ಹತ್ತು ದಿನ ಮಾತಿಲ್ಲ. ಹನ್ನೊಂದನೇ ದಿನ ಅವಳೇ ಫೋನ್ ಮಾಡಿದಳು. ಜಗಳದ ಸುದ್ದಿಯನ್ನೇ ಎತ್ತಲಿಲ್ಲ.

"ಅಟ್ಟದ ಮೇಲೆ ಹಳೇ ಕಂಪ್ಯೂಟರಿನ ಕೀಬೋರ್ಡ್ ಇತ್ತು ಕಣೋ. ಇಳಿಸಿದೀವಿ. ಸ್ಪೇಸ್ ಬಾರ್ ನೋಡು, ನನ್ನ ಅಂಗೈಯಷ್ಟು ಉದ್ದ ಇದೆ. ಆದ್ರೆ ಇದರ ಪಿನ್ನು ದುಂಡಗಿದೆ, ಲ್ಯಾಪ್‌ಟಾಪಿಗೆ ಹೋಗಲ್ಲ."

"ಅದಕ್ಕೊಂದು ಕನ್ವರ್ಟರ್ ಸಿಗತ್ತೆ."

"ತಗೊಂಡ್ ಬಾ. ಬೇರೆ ಏನೂ ಮಾಡ್ಬೇಡ, ಬಂದು ಕೂತ್ಕೋ. ನಾನು ಹೇಳ್ತೀನಿ."

ಯಶವಂತಪುರದ ಮಾರ್ಕೆಟ್ ಹತ್ತಿರ ಹಳೆ ಕಂಪ್ಯೂಟರ್ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಿದೆ. ದುಂಡು ಪಿನ್ನಿನ ಕನ್ವರ್ಟರ್ ಕೇಳಿದಾಗ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಯಾರ್ ಸಾರ್ ಯೂಸ್ ಮಾಡ್ತಾರೆ ಅದನ್ನ?" ಎಂದ. ಡಬ್ಬಿಯೊಂದನ್ನು ಸುರಿದು ಹುಡುಕಿಕೊಟ್ಟ. ಅದು ಕೆಲಸ ಮಾಡಲಿಲ್ಲ. ಮರುದಿನ ಹಿಂದಿರುಗಿಸಿದೆ. ಎರಡನೆಯದೂ ಮಾಡಲಿಲ್ಲ. ಹಸಿರು ಬಣ್ಣದ ಮೂರನೆಯದು ಮಾಡಿತು. ಯಾಕೆ ಮಾಡಿತು, ಮೊದಲ ಎರಡು ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, "ಅದು ಅದರದ್ದೇ ಮೂಡು ಸಾರ್" ಎಂದ.

ಕೀಬೋರ್ಡಿನ ಸ್ಪೇಸ್ ಬಾರಿನ ಕೆಳಗೆ ಯಾವ ಕಾಲದ್ದೋ ಕಾಫಿ ಗಟ್ಟಿಯಾಗಿ ಕೂತಿತ್ತು. ಭಾವನೂ ನಾನೂ ಸ್ಕ್ರೂಡ್ರೈವರಿನಲ್ಲಿ ಅದನ್ನು ಎಬ್ಬಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಕೂರಿಸಿದೆವು. ಈಗ ಒತ್ತಿದರೆ ಟಕ್ಕೆಂದು ಇಳಿದು ಟಕ್ಕೆಂದು ಮೇಲೇಳುತ್ತಿತ್ತು. ಮೂರು ಕೀ ಒಟ್ಟಿಗೆ ಒತ್ತಿ ನೋಡಿದೆ. ಒಂದನ್ನೂ ನುಂಗಲಿಲ್ಲ.

"ಈಗ ಕೇಳು" ಎಂದಳು ಅಕ್ಕ, ಕ್ಲಾಸು ಶುರುಮಾಡುವವಳ ಹಾಗೆ. "ನಡಿಯೋದು ಎಡಗೈಗೆ, ಜೆಡ್ ಮತ್ತೆ ಎಕ್ಸ್. ಏಣಿಗೆ ಬಲಗೈಯ ತೋರುಬೆರಳು, ಮಧ್ಯದ ಬೆರಳು. ಅವು ಅಲ್ಪಸ್ವಲ್ಪ ಕೇಳ್ತವೆ. ಹಾರೋದು ಬಲಗೈ ಹೆಬ್ಬೆರಳಿಗೆ ಮಾತ್ರ. ಅದು ಹಾರಿಸದೆ ಇದ್ರೆ ಮಾಮ ಬಿದ್ದು ಸಾಯ್ಲಿ."

ನಾನು ಮತ್ತೆ ನನ್ನ ಕಡತ ತೆರೆದು, ಅಲ್ಪವಿರಾಮಗಳ ಜೊತೆ ಹೆಣಗಲು ಶುರುಮಾಡಿದೆ. ಅಕ್ಕ ಪರದೆಯ ಇನ್ನೊಂದು ಪಕ್ಕದಲ್ಲಿ ತೆರೆದಿದ್ದ ಆಟದ ಮೊದಲ ಪುಟವನ್ನು ನೋಡುತ್ತ ಕೂತಿದ್ದಳು.

"ಇದೇನಿದು ಐದನೇ ಸಾಲು?"

"ಯಾವ ಐದನೇದು? ನಾಲ್ಕೇ ಇರೋದು. ಕೀಬೋರ್ಡು, ಮೂರು ಥರ ಜಾಯ್‌ಸ್ಟಿಕ್ಕು."

"ಕಣ್ಣು ಬಿಟ್ಟು ನೋಡೋ."

ಕನ್ನಡಕ ಸರಿಸಿ ನೋಡಿದೆ. ಕಪ್ಪು ಹಿನ್ನೆಲೆಯ ಮೇಲೆ ಕಡುನೀಲಿ ಅಕ್ಷರದಲ್ಲಿ, ಇದ್ದೂ ಇಲ್ಲದ ಹಾಗೆ, ಐದನೇ ಸಾಲೊಂದು ಇತ್ತು. ನಿಮಗೆ ಬೇಕಾದ ಕೀಗಳನ್ನು ಆರಿಸಿಕೊಳ್ಳಿ ಎಂದು ಅದು ಹೇಳುತ್ತಿತ್ತು. ನಮ್ಮ ಕಪ್ಪುಬಿಳುಪು ಟಿವಿಯಲ್ಲಿ ಆ ನೀಲಿ ಕಂಡಿರಲು ಸಾಧ್ಯವೇ ಇಲ್ಲ. ಆಗ ನಮಗೆ ಕಾಣದೆ ಹೋದದ್ದಕ್ಕೆ ಟಿವಿ ಕಾರಣ. ಈ ಎರಡು ತಿಂಗಳು ನನಗೆ ಕಾಣದೆ ಹೋದದ್ದಕ್ಕೆ ಏನು ಕಾರಣವೆಂದು ಅಕ್ಕ ಕೇಳಲಿಲ್ಲ, ನೋಡಿದಳಷ್ಟೆ.

ಐದು ಒತ್ತಿದಳು. ಎಡಕ್ಕೆ ಯಾವುದು ಎಂದು ಆಟ ಕೇಳಿತು. ಜೆಡ್ ಒತ್ತಿದಳು. ಬಲಕ್ಕೆ? ಎಕ್ಸ್. ಹತ್ತಲು? ಇಳಿಯಲು? ತೋರುಬೆರಳಿನಲ್ಲಿ ಒಂದು, ಮಧ್ಯದ ಬೆರಳಿನಲ್ಲಿ ಒಂದು, ನಿಧಾನವಾಗಿ ಒತ್ತಿದಳು. ಹಾರಲು? ಬಲಗೈಯನ್ನು ಎಡಗೈಯಿಂದ ಹಿಡಿದು ಸ್ಪೇಸ್ ಬಾರಿನ ಮೇಲೆ ಸರಿಯಾಗಿ ಇಟ್ಟುಕೊಂಡು, ಎಡಗೈ ಬಿಟ್ಟಳು. ಕಾದಳು. ನಾನೂ ಕಾದೆ. ಹೆಬ್ಬೆರಳು ಮೊದಲು ಪಕ್ಕಕ್ಕೆ ಸರಿಯಿತು, ಆಮೇಲೆ ಇಳಿಯಿತು. ಟಕ್. ಆಟ ಶುರುವಾಯಿತು.

ಇಷ್ಟೇ ಕೆಲಸ. ಒಂದು ನಿಮಿಷದ್ದು. ನನ್ನ ಹತ್ತಾರು ತಿದ್ದುಪಡಿಗಳ ಕಡತವನ್ನು ಅವತ್ತೇ ಅಳಿಸಿಹಾಕಿದೆ.

ಇಲ್ಲಿಂದ ಅಕ್ಕ ಚೆನ್ನಾಗಿ ಆಡಿದಳು ಎಂದು ಹೇಳುವಂತಿಲ್ಲ. ಅವಳು ಹಾರು ಎಂದುಕೊಂಡ ಕ್ಷಣಕ್ಕೂ ಹೆಬ್ಬೆರಳು ಇಳಿಯುವ ಕ್ಷಣಕ್ಕೂ ನಡುವೆ ಅರ್ಧ ಸೆಕೆಂಡಿನಷ್ಟು ಅಂತರವಿತ್ತು. ಅಷ್ಟರಲ್ಲಿ ಮಾಮ ಅಂಚು ದಾಟಿರುತ್ತಿದ್ದ. ಸಾಲಾಗಿ ಬಿದ್ದ. ಅವಳ ಕಿವಿ ಕೆಂಪಾಯಿತು. ಆಟದ ವೇಗವನ್ನು ಕಡಿಮೆ ಮಾಡುವ ಅವಕಾಶ ಆ ಪ್ರೋಗ್ರಾಮಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಹಿಂದಿನ ನಾನಾಗಿದ್ದರೆ ಹೇಳದೆಯೇ ಮಾಡಿಬಿಡುತ್ತಿದ್ದೆ.

"ಅಕ್ಕಾ, ಬೇಕಾದ್ರೆ ನಿಧಾನ ಮಾಡಬಹುದು. ಮಾಡ್ಲಾ?"

"ಮಾಡು. ಆದ್ರೆ ನೂರಕ್ಕೆ ಎಷ್ಟು ಅಂತ ನಂಗೆ ಹೇಳ್ಬೇಕು. ಸುಳ್ಳು ಹೇಳ್ಬಾರ್ದು."

ನೂರಕ್ಕೆ ಎಪ್ಪತ್ತು ಮಾಡಿದೆ. ಆಟದ ಸಂಗೀತ ನಿದ್ದೆಗಣ್ಣಿನವರ ಹಾಡಿನಂತಾಯಿತು. ಮಾಮ ನೀರಿನೊಳಗೆ ನಡೆಯುವವನಂತೆ ನಡೆದ. ಅಂಚಿಗೆ ಬಂದ. ಹೆಬ್ಬೆರಳು ಇಳಿಯಿತು. ಮಾಮ ಹಾರಿ ಆಚೆಯ ಹೆಂಚಿನ ಮೇಲೆ ನಿಂತ. ಅಕ್ಕ ಮುಂದಿನ ಅಂಚಿಗೆ ಅವನನ್ನು ನಡೆಸಿದಳು. ಭಾವ ಬಾಗಿಲಿನಲ್ಲಿ ಕಾಫಿ ಹಿಡಿದು ನಿಂತವರು ಒಳಗೆ ಬರಲೇ ಇಲ್ಲ.

ಆದರೂ ತಾಪತ್ರಯ ಮುಗಿಯಲಿಲ್ಲ. ಪ್ರತಿ ಸಲ ಆಟ ಹಚ್ಚಿದಾಗಲೂ ಕೀಗಳನ್ನು ಹೊಸದಾಗಿ ಹೇಳಬೇಕು, ಹಳೆಯ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ. ಎರಡು ದಿನಕ್ಕೊಮ್ಮೆ ಭಾವನ ಕನ್ನಡ ಮತ್ತೆ ಬಂದು ಕೂರುತ್ತಿತ್ತು. "ಮಾಮ ನಿಂತ್ಬಿಟ್ಟಿದಾನೆ" ಎಂದು ಬೆಳಿಗ್ಗೆ ಹತ್ತಕ್ಕೆ ಫೋನು ಬರುತ್ತಿತ್ತು. ನಾನು ಕಾರ್ಖಾನೆಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು, "ಕೆಳಗಡೆ ಬಲಮೂಲೇಲಿ ಕ ಅಂತ ಇದೆಯಾ ನೋಡು!" ಎಂದು ಕೂಗುತ್ತಿದ್ದೆ. ನನ್ನ ಕೆಳಗೆ ಕೆಲಸ ಮಾಡುವವರಿಗೆ ಆ ಮೂಲೆಯ ಕ ಬಾಯಿಪಾಠವಾಗಿತ್ತು. ಎಲ್ಲ ಹೊಂದಿಸಿದ ಸ್ಥಿತಿಯನ್ನು ಹಾಗೇ ಉಳಿಸಿಡುವ ದಾರಿ ಮೂರನೇ ವಾರ ಸಿಕ್ಕಿತು. ಅದು ಮೊದಲ ದಿನದಿಂದಲೂ ಮೆನುವಿನ ಮೊದಲ ಸಾಲಿನಲ್ಲೇ ಇತ್ತು ಎಂದು ಗದಗಿನ ಮೇಡಂ ಹೇಳಿದರು, ನಾನು ಕೇಳದೆ ಇದ್ದರೂ.

ಒಂದು ದಿನ ಅಕ್ಕ ಫೋನಿನಲ್ಲಿ ಸ್ಪೇಸ್ ಬಾರ್ ಕೆಟ್ಟಿದೆ ಎಂದು ದೂರಿದಳು. ನಾಲ್ಕನೇ ಛಾವಣಿಯ ಹಕ್ಕಿಯ ಹತ್ತಿರ ಪ್ರತಿ ಸಲ ಕೈಕೊಡುತ್ತಿದೆಯಂತೆ. ಸಂಜೆ ಕೆಲಸ ಮುಗಿಸಿ ಹೋಗಿ ಬಿಚ್ಚಿ ನೋಡಿದೆ. ಏನೂ ಆಗಿರಲಿಲ್ಲ.

"ಸ್ಪೇಸ್ ಬಾರ್ ಸರಿಯಾಗೇ ಇದೆ ಅಕ್ಕಾ."

ಅವಳು ತನ್ನ ಹೆಬ್ಬೆರಳನ್ನು ಎಡಗೈಯಲ್ಲಿ ತೀಡುತ್ತ ಕೂತಿದ್ದಳು. "ಗೊತ್ತು" ಎಂದಳು. "ಆ ಹಕ್ಕಿ ನೋಡಿದ ತಕ್ಷಣ ಇದು ಹೆದರತ್ತೆ. ನಾನು ಹೆದರಲ್ಲ, ಇದು ಹೆದರತ್ತೆ." ಆಮೇಲೆ ಅವಳಾಗೇ ವೇಗವನ್ನು ಎಪ್ಪತ್ತೈದು ಮಾಡಿಸಿಕೊಂಡಳು. ಹೆದರುವ ಬೆರಳಿಗೆ ಯೋಚಿಸಲು ಪುರುಸೊತ್ತು ಕೊಡಬಾರದಂತೆ. ಗಣಿತದ ಟೀಚರಮ್ಮನ ತರ್ಕ ಅದು. ನನಗೆ ಅರ್ಥವಾಗಲಿಲ್ಲ, ಆದರೆ ಆ ವಾರ ಅವಳು ನಾಲ್ಕನೇ ಛಾವಣಿ ದಾಟಿದಳು. ನಾನು ಜೀವಮಾನದಲ್ಲಿ ದಾಟದ್ದು.

ಈಗ ನೂರಕ್ಕೆ ಎಂಬತ್ತೈದರಲ್ಲಿ ಆಡುತ್ತಾಳೆ. ಆರನೇ ಛಾವಣಿಯಲ್ಲಿದ್ದಾಳೆ. ಹೆಬ್ಬೆರಳು ಪೂರ್ತಿ ಮೊದಲಿನ ಹಾಗಾಗಿಲ್ಲ, ಆಗುವುದೂ ಇಲ್ಲ ಎಂದು ಫಿಸಿಯೋಥೆರಪಿಯವರು ನನಗೆ ಬಾಗಿಲಿನ ಹೊರಗೆ ಮೆಲ್ಲಗೆ ಹೇಳಿದ್ದಾರೆ. ಅಕ್ಕನಿಗೂ ಗೊತ್ತಿದೆ ಎಂದು ನನ್ನ ಅಂದಾಜು. ಆದರೆ ಪೆನ್ನು ಹಿಡಿದು ಸೊಟ್ಟಸೊಟ್ಟಗೆ ಸಹಿ ಹಾಕುತ್ತಾಳೆ, ಸೀರೆಯ ಪಿನ್ನನ್ನು ಮೂರನೇ ಪ್ರಯತ್ನಕ್ಕೆ ತಾನೇ ಹಾಕಿಕೊಳ್ಳುತ್ತಾಳೆ. ಎಷ್ಟು ಭಾಗ ಟೋಪಿ ಮಾಮನಿಂದ, ಎಷ್ಟು ಭಾಗ ಹಳದಿ ಚೆಂಡಿನಿಂದ, ಎಷ್ಟು ದಿನ ಕಳೆದಂತೆ ತಾನಾಗಿ ಆದದ್ದು ಎಂದು ಯಾರೂ ಹೇಳಲಾರರು. ಫಿಸಿಯೋಥೆರಪಿಯವರು ಒಮ್ಮೆ ಕುತೂಹಲಕ್ಕೆ ತಾವೇ ಕೂತು ಆಡಿ, ಮೊದಲ ಛಾವಣಿಯಲ್ಲೇ ಮೂರು ಸಲ ಬಿದ್ದರು. ಅಕ್ಕ ಅವರಿಗೆ, "ಬೆರಳು ಸಡಿಲ ಬಿಡಿ, ಉಸಿರು ಬಿಗಿ ಹಿಡೀಬೇಡಿ" ಎಂದು ಅವರದೇ ಧಾಟಿಯಲ್ಲಿ ಹೇಳಿಕೊಟ್ಟಳು.

ಆಮೇಲೆ ಅವರಿಗೊಂದು ಯೋಚನೆ ಬಂತು. ಆರ್.ಟಿ. ನಗರದಲ್ಲಿ ಅವರು ನೋಡುವ ಇನ್ನೊಬ್ಬರಿದ್ದಾರೆ, ಟೈಲರ್, ಕೈಗೆ ಆಪರೇಷನ್ ಆಗಿದೆ, ಅವರೂ ಚೆಂಡು ಹಿಸುಕಲು ಒಪ್ಪುವುದಿಲ್ಲ. "ಸಾರ್, ನೀವು ಒಂದ್ ಸಲ ಬಂದು ಅವರಿಗೂ ಇದನ್ನ ಹಾಕ್ಕೊಡ್ತೀರಾ? ಅರ್ಧ ಗಂಟೆ ಕೆಲಸ ಅಲ್ವಾ?"

ಈ ಸಲ ನಾನು ಮೊದಲು ಫೋನ್ ಮಾಡಿ, ಯಾವ ಕೈ, ಯಾವ ಬೆರಳು, ಹೇಗೆ ಬೇಕು ಎಂದೆಲ್ಲ ಅವರನ್ನೇ ಕೇಳಿದೆ. ಟೈಲರ್ ಸಮಾಧಾನವಾಗಿ ಎಲ್ಲ ಹೇಳಿದರು. ಅವರಿಗೆ ಟೋಪಿ ಮಾಮ ಬೇಡವಂತೆ. ಹಾರುವುದು ಬೀಳುವುದು ಅವರಿಗೆ ಆಗುವುದಿಲ್ಲವಂತೆ. ಕಂಪ್ಯೂಟರಿನಲ್ಲಿ ಕೇರಂ ಇದ್ದರೆ ಆಡುತ್ತಾರಂತೆ. ಕೇರಮ್ಮಿಗೆ ಮೌಸ್ ಬೇಕು. ಆಪರೇಷನ್ ಆಗಿರುವುದು ಅವರು ಮೌಸ್ ಹಿಡಿಯುವ ಕೈಗೆ. ಮೌಸ್ ಸಿಕ್ಕಿಸುವ ತೂತು ಅವರ ಲ್ಯಾಪ್‌ಟಾಪಿನಲ್ಲಿ ಒಂದೇ ಇದೆಯಂತೆ, ಅದು ಅಲ್ಲಾಡುತ್ತದಂತೆ. ಶನಿವಾರ ಬರುತ್ತೇನೆ ಎಂದು ಹೇಳಿದ್ದೇನೆ.